ಹಳೆಯ ಹೊಲಿಗೆ, ತೆಗೆದಿಟ್ಟ ಹಾಳೆ

ನಮ್ಮ ಊರುಗಳಲ್ಲಿ ಒಬ್ಬಳು ಬಸುರಿಯಾದರೆ ಬುದ್ಧಿ ಹೇಳುವವರು ನೂರು ಮಂದಿ. ಪಪ್ಪಾಯಿ ತಿನ್ನಬೇಡ ಎನ್ನುವವರು, ಎಡಕ್ಕೆ ಮಲಗು ಎನ್ನುವವರು, ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎಂದು ತೀರ್ಪು ಕೊಡುವವರು. ಆದರೆ ಅವಳ ಸ್ಕ್ಯಾನಿಂಗ್ ರಿಪೋರ್ಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಸಿ ಕೇಳಿದವರು ಯಾರು ಎಂದರೆ ಎಲ್ಲರೂ ಮುಖ ಮುಖ ನೋಡುತ್ತಾರೆ.

ನಾನು ಊರ್ಮಿಳಾ. ನೆಲ್ಯಾಡಿಯ ಕಡೆ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ನನಗೆ ಕೋಪ ಬೇಗ ಬರುತ್ತದೆ ಎಂದು ನನ್ನ ಗಂಡ ಪ್ರೇಮನಾಥರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ಈ ಕಥೆಯನ್ನು ನಾನು ಕೋಪದಲ್ಲಿಯೇ ಹೇಳುವವಳು. ನಯವಾಗಿ ಹೇಳಿ ಹೇಳಿ ನನಗೆ ಸಾಕಾಗಿದೆ.

ಕುರಿಯನ್ ಚೇಟ ನಮ್ಮ ಕಡೆ ಎಲ್ಲರಿಗೂ ಪರಿಚಯದವರು; ಮಲಯಾಳದಲ್ಲಿ ಚೇಟ ಎಂದರೆ ಅಣ್ಣ, ಚೇಚಿ ಎಂದರೆ ಅಕ್ಕ. ಅವರ ತಂದೆ ಕೇರಳದಿಂದ ಬಂದು ಇಲ್ಲಿ ಗುಡ್ಡ ಕಡಿದು ರಬ್ಬರ್ ಹಾಕಿದವರು. ಈಗ ಚೇಟನ ಮಗ ಎಲ್ದೋ ಮರದ ತೊಗಟೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಾನೆ. ಮನೆಯಲ್ಲಿ ಚೇಟನ ಹೆಂಡತಿ ಜೋಳಿ ಚೇಚಿ, ಸೊಸೆ ಅಂಜು. ಅಂಜುವಿಗೆ ಇಪ್ಪತ್ತೊಂಬತ್ತು ವರ್ಷ. ಆಲ್ಬಿನ್ ಮತ್ತು ಸೋನಾ ಎಂದು ಎರಡು ಮಕ್ಕಳು, ಇಬ್ಬರೂ ಸಿಸೇರಿಯನ್. ಈಗ ಮೂರನೆಯದು, ಏಳನೇ ತಿಂಗಳು ಹಿಡಿದಿತ್ತು.

ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಕಬ್ಬಿಣದ ಮಾತ್ರೆ ಕೊಡಲು ಹೋಗಿದ್ದೆ. ಅಂಜು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು.

"ಊರ್ಮಿಳಕ್ಕ, ಬೆಳಿಗ್ಗೆ ಸ್ವಲ್ಪ ರಕ್ತ ಹೋಯ್ತು. ಈಗ ನಿಂತಿದೆ. ನೋವು ಎಂತದ್ದೂ ಇಲ್ಲ."

ಜೋಳಿ ಚೇಚಿ ಒಲೆಯ ಹತ್ತಿರದಿಂದಲೇ ಹೇಳಿದರು, "ನೋವಿಲ್ಲ ಅಂದ್ಮೇಲೆ ಹೆದರ್ಲಿಕ್ಕೆ ಎಂತ ಉಂಟು? ಉಷ್ಣ ಆಗಿದೆ. ಎಳನೀರು ಕೊಟ್ಟಿದ್ದೇನೆ."

"ಚೇಚಿ, ನೋವಿಲ್ಲದೆ ರಕ್ತ ಹೋಗುದೇ ಹೆದರಿಕೆಯ ವಿಷಯ. ಫೈಲ್ ಕೊಡಿ."

ಫೈಲ್ ಬಂತು. ತಾಯಿ ಕಾರ್ಡ್ ಇತ್ತು. ರಕ್ತ ಪರೀಕ್ಷೆಯ ಚೀಟಿಗಳಿದ್ದವು. ಪುತ್ತೂರಿನಲ್ಲಿ ಐದನೇ ತಿಂಗಳಿಗೆ ಮಾಡಿಸಿದ ಸ್ಕ್ಯಾನಿನ ಹಾಳೆಯೂ ಇತ್ತು. ಮಗುವಿನ ತಲೆ, ಕೈಕಾಲು, ಹೃದಯ ಎಲ್ಲ ಸರಿ ಇದೆ ಎಂದು ಅದರಲ್ಲಿ ಬರೆದಿತ್ತು. ಹಾಳೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಎರಡರಲ್ಲಿ ಒಂದನೇ ಪುಟ ಎಂದು ಅಚ್ಚಾಗಿತ್ತು. ಎರಡನೇ ಪುಟ ಫೈಲಿನಲ್ಲಿ ಇರಲಿಲ್ಲ. ಹಿಂದಿನ ತಿಂಗಳು ಬಂದಾಗಲೇ ನಾನು ಇದನ್ನು ನೋಡಬೇಕಿತ್ತು. ಮಗು ಸರಿ ಇದೆ ಎಂದು ಓದಿ, ಫೈಲ್ ಮುಚ್ಚಿ ಎದ್ದು ಹೋಗಿದ್ದೆ. ಮೊದಲ ಸಿಟ್ಟು ನನ್ನ ಮೇಲೆಯೇ ಬಂತು.

"ಎರಡನೇ ಹಾಳೆ ಎಲ್ಲಿ?" ಎಂದು ಕೇಳಿದೆ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಕುರಿಯನ್ ಚೇಟ ಕನ್ನಡಕ ತೆಗೆದರು. "ಅದು ನನ್ನ ಹತ್ರ ಉಂಟು."

"ನಿಮ್ಮ ಹತ್ರ ಯಾಕೆ?"

"ನೋಡು ಊರ್ಮಿಳಾ, ನಲವತ್ತು ವರ್ಷ ಜಾಗದ ಕಾಗದ ಹಿಡ್ಕೊಂಡು ತಾಲೂಕು ಆಫೀಸು, ಸರ್ವೆ ಆಫೀಸು, ಫಾರೆಸ್ಟ್ ಆಫೀಸು ಅಂತ ತಿರುಗಿದವ ನಾನು. ಒಂದು ಪಾಠ ಕಲ್ತಿದ್ದೇನೆ. ನಮಗೆ ಅಡ್ಡ ಬರುವ ಕಾಗದವನ್ನು ಅವರು ಕೇಳದೆ ಕೊಡ್ಬಾರ್ದು. ಕೊಟ್ರೆ ಅದನ್ನೇ ಹಿಡ್ಕೊಂಡು ಫೈಲನ್ನು ಇನ್ನೊಂದು ಆಫೀಸಿಗೆ ಕಳಿಸ್ತಾರೆ. ಆ ಎರಡನೇ ಹಾಳೆಯಲ್ಲಿ ಎಂತದೋ ಬರೆದು ಕೆಂಪು ಗೆರೆ ಎಳೆದಿದ್ರು. ಅದನ್ನು ತೋರ್ಸಿದ್ರೆ ನಮ್ಮ ಡಾಕ್ಟ್ರು ಕೂಡ್ಲೇ ಮಂಗಳೂರಿಗೆ ಬರೆದು ಕೊಡ್ತಾರೆ. ಇಲ್ಲೇ ಹತ್ತಿರದಲ್ಲಿ ಆಗುವ ಹೆರಿಗೆಗೆ ಅಷ್ಟು ದೂರ ಯಾಕೆ? ಅದಕ್ಕೆ ತೆಗೆದಿಟ್ಟೆ."

ಅವರು ಇದನ್ನು ನಾಚಿಕೆಯಿಂದ ಹೇಳಲಿಲ್ಲ, ಬುದ್ಧಿವಂತರ ಹಾಗೆ ಹೇಳಿದರು. ಈ ಬುದ್ಧಿ ಅವರೊಬ್ಬರದ್ದೂ ಅಲ್ಲ. ಕಡಬದಿಂದ ಸುಳ್ಯದವರೆಗೆ ಜಾಗದ ಕಾಗದಕ್ಕಾಗಿ ಚಪ್ಪಲಿ ಸವೆಸಿದ ಎಷ್ಟೋ ಮಂದಿ ಇದೇ ಜಾಣತನವನ್ನು ಮಕ್ಕಳಿಗೂ ಕಲಿಸುತ್ತಾರೆ. ಸರ್ವೆಯವರ ಮುಂದೆ ಅದು ನಡೆಯಬಹುದು. ಹೊಟ್ಟೆಯೊಳಗಿನ ವಿಷಯಕ್ಕೆ ಅದನ್ನು ತಂದರೆ ಯಾರಿಗೆ ಮೋಸ ಮಾಡಿದ ಹಾಗಾಯಿತು?

"ಆಸ್ಪತ್ರೆ ಅಂದ್ರೆ ಎಂತ, ತಾಲೂಕು ಆಫೀಸಾ?" ನನ್ನ ಗಂಟಲು ಏರಿತು. "ಡಾಕ್ಟ್ರು ಎಂತ ನಿಮ್ಮ ಜಾಗ ಕಿತ್ಕೊಳ್ಳುವವರಾ? ತನ್ನಿ ಆ ಹಾಳೆ!"

ಒಂದು ಕಾಗದವನ್ನೂ ಹರಿದು ಬಿಸಾಡದ ಮನುಷ್ಯ ಅವರು. ದೇವರ ದಯೆ, ಅಷ್ಟಾದರೂ ಇತ್ತು. ಒಳಗೆ ಹೋಗಿ, ಜಾಗದ ಪತ್ರಗಳಿದ್ದ ಪ್ಲಾಸ್ಟಿಕ್ ಕವರಿನಿಂದ ಎರಡನೇ ಹಾಳೆ ತಂದು ಕೊಟ್ಟರು.

ಅದು ಇಂಗ್ಲಿಷಿನಲ್ಲಿತ್ತು. ನನಗೆ ತಿಳಿದಷ್ಟು ಓದಿದೆ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಮುಂಭಾಗದಲ್ಲಿ ಕೆಳಗೆ ಕೂತಿದೆ, ಗರ್ಭಕೋಶದ ಬಾಯಿಯನ್ನು ಮುಚ್ಚಿದೆ. ಹಿಂದೆ ಎರಡು ಸಿಸೇರಿಯನ್ ಆಗಿದೆ. ಹಳೆಯ ಹೊಲಿಗೆಯ ಜಾಗಕ್ಕೆ ಮಾಸು ಅಂಟಿಕೊಂಡಿದೆಯೇ ಎಂದು ನೋಡಲು ಇಪ್ಪತ್ತೆಂಟನೇ ವಾರದೊಳಗೆ ಕಲರ್ ಡಾಪ್ಲರ್ ಸ್ಕ್ಯಾನ್ ಮಾಡಿಸಲೇಬೇಕು. ಈ ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ಅಂಜುವಿಗೆ ಇಪ್ಪತ್ತೇಳನೇ ವಾರ ಮುಗಿಯುತ್ತಾ ಬಂದಿತ್ತು.

ಇದನ್ನು ನಾನು ಮೊದಲೊಮ್ಮೆ ಕಂಡಿದ್ದೆ.

ನನ್ನ ತವರು ಪುತ್ತೂರಿನ ಹತ್ತಿರದ ಕೆದಂಬಾಡಿ. ನನ್ನ ತಮ್ಮನ ಹೆಂಡತಿ ದೀಕ್ಷಿತಾ, ಅವಳಿಗೂ ಎರಡು ಹೊಲಿಗೆ, ಮೂರನೆಯ ಬಸುರಿ, ಮಾಸು ಕೆಳಗೆ. ರಿಪೋರ್ಟಿನಲ್ಲಿ ಆ ಮಾತಿತ್ತು. ಮಗು ಚೆನ್ನಾಗಿದೆಯಲ್ಲ ಎಂದು ನಾವು ಅಷ್ಟಕ್ಕೇ ಖುಷಿಪಟ್ಟೆವು. ಮತ್ತೆ ಸ್ಕ್ಯಾನ್ ಮಾಡಿಸಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಸಣ್ಣ ಆಸ್ಪತ್ರೆಗೆ ಹೋದೆವು. ಹೊಟ್ಟೆ ತೆರೆದು ಮಗುವನ್ನು ತೆಗೆದರು. ಮಾಸು ಬಿಡಲಿಲ್ಲ. ಬಿಡಿಸಲು ನೋಡಿದರು, ರಕ್ತ ನಿಲ್ಲಲಿಲ್ಲ. ಅಲ್ಲಿದ್ದದ್ದು ಎರಡು ಬಾಟ್ಲಿ ರಕ್ತ. ಮಂಗಳೂರಿಗೆ ಹೊರಟ ಆಂಬುಲೆನ್ಸಿನಲ್ಲಿ ಬಂಟ್ವಾಳ ದಾಟುವ ಮೊದಲೇ ಅವಳು ಹೋದಳು. ಆಶಾ ಕಾರ್ಯಕರ್ತೆಯ ಸ್ವಂತ ನಾದಿನಿಯ ಗತಿ ಇದು. ಎರಡು ವರ್ಷವಾಯಿತು, ನನ್ನ ಹೊಟ್ಟೆಯ ಉರಿ ಆರಿಲ್ಲ.

ಇದನ್ನೆಲ್ಲ ಅಲ್ಲೇ ಜಗಲಿಯಲ್ಲಿ ನಿಂತು ಹೇಳಿದೆ. ಕುರಿಯನ್ ಚೇಟನ ಮುಖ ಬಿಗಿಯಿತು.

"ನೀನು ಹೆದರಿಸ್ಬೇಡ ಮಾರಾಯ್ತಿ. ನನ್ನ ಅಣ್ಣನನ್ನು ಮಂಗಳೂರಿಗೆ ಬರೆದು ಕೊಟ್ರು. ಹೋದದ್ದು ನಡೆದುಕೊಂಡು, ಬಂದದ್ದು ಹೆಣವಾಗಿ. ಆ ಊರಿನ ಹೆಸರು ಕೇಳಿದ್ರೇ ನನಗೆ ಆಗುದಿಲ್ಲ."

"ಎಷ್ಟು ದಿನ ಎದೆನೋವು ಇಟ್ಕೊಂಡು ಕೂತಿದ್ರು ನಿಮ್ಮ ಅಣ್ಣ?"

ಅವರು ಮುಖ ಆಚೆ ತಿರುಗಿಸಿದರು. ಜೋಳಿ ಚೇಚಿ ಮೆಲ್ಲಗೆ, "ಆರು ದಿನ," ಎಂದರು.

"ಹಾಗಾದ್ರೆ ಅವರನ್ನು ಕೊಂದದ್ದು ಮಂಗಳೂರಲ್ಲ. ಆ ಆರು ದಿನ."

ಅಷ್ಟರಲ್ಲಿ ಎಲ್ದೋ ರಬ್ಬರ್ ಹಾಲಿನ ಬಕೆಟ್ ಇಳಿಸಿ ಬಂದ. ಗಲಾಟೆ ಕೇಳಿ ಹೆದರಿದ್ದ. "ಅಕ್ಕ, ಈ ಅಂಟಿಕೊಳ್ಳುದು ಅಂದ್ರೆ ಎಂತ? ನನಗೆ ಅರ್ಥ ಆಗುವ ಹಾಗೆ ಹೇಳಿ."

ನಾನು ಅವನಿಗೆ ಉತ್ತರ ಕೊಡಲಿಲ್ಲ. ಕುರಿಯನ್ ಚೇಟನನ್ನೇ ಕೇಳಿದೆ. "ಟ್ಯಾಪಿಂಗ್ ಮಾಡುವಾಗ ಕತ್ತಿ ತೊಗಟೆ ದಾಟಿ ಮರಕ್ಕೇ ತಾಗಿದ್ರೆ ಎಂತ ಆಗ್ತದೆ?"

"ಆ ಜಾಗದಲ್ಲಿ ತೊಗಟೆ ಸರಿಯಾಗಿ ಬರುದಿಲ್ಲ," ಎಂದರು ಅವರು ತಟ್ಟನೆ. "ಗಂಟು ಕಟ್ತದೆ. ಎಷ್ಟು ವರ್ಷ ಬಿಟ್ರೂ ಮೊದಲಿನ ಹಾಗೆ ಆಗುದಿಲ್ಲ."

"ಗರ್ಭಕೋಶದ ಒಳಗೂ ಹಾಗೆ ಒಂದು ಪದರ ಉಂಟು ಅಂತ ತಿಳ್ಕೊಳ್ಳಿ. ಮಗುವಿಗೆ ತಾಯಿಯ ರಕ್ತದಿಂದ ಆಹಾರ ಕೊಡುವ ಮಾಸು ಆ ಪದರದ ಮೇಲೆ ಕೂರ್ತದೆ. ಹೆರಿಗೆ ಆದ್ಮೇಲೆ ಅಲ್ಲಿಂದ ತಾನಾಗಿ ಬಿಟ್ಟು ಬೀಳ್ತದೆ. ಸಿಸೇರಿಯನ್ ಕೊಯ್ದ ಜಾಗದಲ್ಲಿ ಕೆಲವರಿಗೆ ಆ ಪದರ ಸರಿಯಾಗಿ ಬೆಳೆಯುದಿಲ್ಲ. ಮಾಸು ಅಲ್ಲೇ ಹೋಗಿ ಕೂತ್ರೆ ಅದರ ಬೇರು ನೇರ ಗರ್ಭಕೋಶದ ಮಾಂಸಕ್ಕೆ ಇಳಿತದೆ. ಕೆಲವರಲ್ಲಿ ಮೂತ್ರಚೀಲದವರೆಗೂ ಹೋಗ್ತದೆ. ಅದು ಬಿಡುದಿಲ್ಲ. ಎಳೆದ್ರೆ ತಾಯಿ ಉಳಿಯುದು ಕಷ್ಟ. ಅಂಜುವಿಗೆ ಎರಡು ಸಲ ಅದೇ ಜಾಗದಲ್ಲಿ ಕೊಯ್ದಿದ್ದಾರೆ. ಮಾಸು ಕೂತದ್ದೂ ಅದೇ ಜಾಗದಲ್ಲಿ. ಇಂಥವರು ಹತ್ತು ಮಂದಿ ಇದ್ರೆ ಮೂರು ನಾಲ್ಕು ಮಂದಿಗೆ ಹೀಗೆ ಆಗ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದಾರೆ."

ಎಲ್ದೋ ಅಂಜುವಿನ ಕಡೆ ತಿರುಗಿದ. ಚೇಟ ನೆಲ ನೋಡಿದರು. ಜೋಳಿ ಚೇಚಿ ಮಾತ್ರ ಬಿಡಲಿಲ್ಲ. "ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ್ರೆ ಮಗುವಿಗೆ ಒಳ್ಳೆದಲ್ಲ ಅಂತಾರೆ. ಮೊದಲಿನ ಎರಡಕ್ಕೂ ಇಷ್ಟೆಲ್ಲ ಇರ್ಲಿಲ್ಲ. ಇನ್ನೊಂದು ವಾರ ನೋಡುವ..."

"ಯಾರು ನೋಡುದು?"

ಕೇಳಿದ್ದು ಅಂಜು. ಅವಳು ಜೋರಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಿದ್ದಳು. ಮುಖ ಕೆಂಪಾಗಿತ್ತು.

"ಹೊಟ್ಟೆ ನನ್ನದು. ಹೊಲಿಗೆ ನನ್ನದು. ಬೆಳಿಗ್ಗೆ ರಕ್ತ ಹೋದದ್ದು ನನಗೆ. ಆ ಹಾಳೆಯಲ್ಲಿ ನನ್ನ ಹೆಸರು ಉಂಟು. ತೆಗೆದಿಡುವಾಗ ಒಬ್ಬರಾದ್ರೂ ನನ್ನನ್ನು ಕೇಳಿದ್ದೀರಾ? ಎರಡು ತಿಂಗಳು ನಾನು ಎಂತದ್ದೂ ಗೊತ್ತಿಲ್ಲದೆ ಆ ಫೈಲ್ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗಿ ಬಂದೆ. ನಾನು ಸತ್ರೆ ಆ ಕವರಿನಲ್ಲಿ ನನ್ನ ಹಾಳೆಯನ್ನು ಯಾವ ಪತ್ರದ ಜೊತೆ ಇಡ್ತೀರಿ ಚಾಚನ್?" ಎಂದು ಮಾವನನ್ನೇ ಕೇಳಿದಳು.

ಕುರಿಯನ್ ಚೇಟ ಎದ್ದು ಒಳಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರು ಎಂದುಕೊಂಡೆ. ಎರಡು ನಿಮಿಷದಲ್ಲಿ ಅಂಗಿ ಹಾಕಿಕೊಂಡು, ಜೀಪಿನ ಕೀ ಹಿಡಿದು ಹೊರಗೆ ಬಂದರು. "ಎಲ್ದೋ, ಗಾಡಿ ತೆಗಿ. ಪುತ್ತೂರಿಗೆ."

ನಾನು ಮೊದಲೇ ಫೋನ್ ಮಾಡಿದ್ದರಿಂದ ಪುತ್ತೂರಿನ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಕಾಯುತ್ತಿದ್ದರು. ಎರಡನೇ ಹಾಳೆಯನ್ನು ಮೊದಲು ಅವರ ಕೈಗೆ ಕೊಟ್ಟೆವು. ಮಾಸು ಬಾಯಿಯ ಮೇಲಿರುವಾಗ ಒಳಗೆ ಕೈ ಹಾಕಿ ಪರೀಕ್ಷೆ ಮಾಡಿದರೂ ರಕ್ತ ಚಿಮ್ಮಬಹುದು. ಅದಕ್ಕೇ ಹಾಳೆ ಮೊದಲು ತೋರಿಸಬೇಕು. ಅವರು ಅಂಜುವಿನ ಬಿ.ಪಿ. ನೋಡಿ, ಮಗುವಿನ ಎದೆಬಡಿತ ಕೇಳಿ, ಪಕ್ಕದಲ್ಲೇ ಇದ್ದ ಸ್ಕ್ಯಾನಿಂಗ್ ಕೋಣೆಗೆ ಕಳಿಸಿದರು. ಮೂತ್ರಚೀಲ ಸ್ವಲ್ಪ ತುಂಬಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಅಂಜುವಿಗೆ ನೀರು ಕುಡಿಸಿ ಕೂರಿಸಿದರು.

ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದ್ದ ಡಾಕ್ಟರಮ್ಮನೇ ಅಂದೂ ಇದ್ದರು. ತಾವೇ ಎಳೆದ ಕೆಂಪು ಗೆರೆ ನೋಡಿ ಗುರುತು ಹಿಡಿದರು. "ಇದನ್ನು ನೋಡಿಯೂ ಇಷ್ಟು ದಿನ ಎಲ್ಲಿದ್ದಿರಿ?" ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. ತುಟಿ ಕಚ್ಚಿ, "ಹಾಳೆ ತೆಗೆದಿಟ್ಟವರನ್ನು ಒಳಗೆ ಕರೆಯಿರಿ," ಎಂದರು. ಅಂಜು ಒಪ್ಪಿದ ಮೇಲೆ ಕುರಿಯನ್ ಚೇಟ ಒಳಗೆ ಬಂದು ಕರ್ಟನ್ನಿನ ಹತ್ತಿರ ನಿಂತರು. ಅಲ್ಲಿಂದ ಮಿಷನಿನ ಟಿ.ವಿ. ಪರದೆ ಮಾತ್ರ ಕಾಣುತ್ತಿತ್ತು.

"ಗಂಡೋ ಹೆಣ್ಣೋ ಕೇಳಬೇಡಿ, ಹೇಳುವುದಿಲ್ಲ," ಎಂದರು ಡಾಕ್ಟರಮ್ಮ. "ಇವತ್ತು ನೋಡುವುದು ಮಾಸನ್ನು."

"ಈ ಮಿಷನಿನ ಕಿರಣ ಮಗುವಿಗೆ..." ಎಂದು ಚೇಟ ಶುರು ಮಾಡಿದರು.

"ಕಿರಣವೇ ಇಲ್ಲ. ಇದು ಶಬ್ದ, ಕಿವಿಗೆ ಕೇಳದಂಥ ಶಬ್ದ. ಅದು ಒಳಗೆ ಹೋಗಿ ವಾಪಸ್ ಬಂದು ಚಿತ್ರ ಆಗುತ್ತದೆ. ಈಗ ಇಲ್ಲಿ ನೋಡಿ. ಇದು ಮಾಸು. ಇದು ಗರ್ಭಕೋಶದ ಗೋಡೆ. ಎರಡರ ನಡುವೆ ತೆಳ್ಳಗೆ ಒಂದು ಕಪ್ಪು ಗೆರೆ ಕಾಣುತ್ತದಲ್ಲ? ಅದು ಇರಬೇಕು. ಗೆರೆ ಇದ್ದರೆ ಮಾಸು ಬೇರೆ, ಗೋಡೆ ಬೇರೆ. ಈಗ ಕೆಳಗೆ ಬರುತ್ತೇನೆ, ಹೊಲಿಗೆಯ ಕಡೆ."

ಗೆರೆ ಸ್ವಲ್ಪ ದೂರ ಬಂತು. ಆಮೇಲೆ ಇಲ್ಲ. ನನಗೂ ಕಂಡಿತು, ಕುರಿಯನ್ ಚೇಟನಿಗೂ ಕಂಡಿತು. ಅಲ್ಲಿ ಮಾಸಿನೊಳಗೆ ಹುಳ ತಿಂದ ಹಾಗೆ ದೊಡ್ಡ ದೊಡ್ಡ ಕಪ್ಪು ತೂತುಗಳು. ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು. ರಕ್ತ ಓಡುವ ದಾರಿಯೆಲ್ಲ ಕೆಂಪು, ನೀಲಿಯಾಗಿ ಹೊತ್ತಿಕೊಂಡಿತು. ಇದೇ ಕಲರ್ ಡಾಪ್ಲರ್. ಆ ಕೆಂಪು ನೀಲಿ ಗೋಡೆಯಲ್ಲಿ ನಿಲ್ಲದೆ ಮೂತ್ರಚೀಲದ ಕಡೆಗೆ ನುಗ್ಗಿತ್ತು.

"ನಾನು ಬರೆದ ಸಾಲು ಹೆದರಿಸಲಿಕ್ಕೆ ಬರೆದದ್ದಲ್ಲ," ಎಂದರು ಡಾಕ್ಟರಮ್ಮ. "ಓದಲಿ ಅಂತ ಬರೆದದ್ದು. ಕೆಲವರು ಫೋಟೋ ಮಾತ್ರ ನೋಡುತ್ತಾರೆ, ಕೆಲವು ಡಾಕ್ಟರುಗಳು ಮೊದಲ ಪುಟ ಮಾತ್ರ ನೋಡುತ್ತಾರೆ, ನೀವು ಹಾಳೆಯನ್ನೇ ಅಡಗಿಸಿಟ್ಟಿರಿ. ನಾನು ಇನ್ನು ಎಷ್ಟು ಕೆಂಪು ಗೆರೆ ಎಳೆಯಬೇಕು?"

ಚೇಟ ತಲೆ ತಗ್ಗಿಸಿದರು. ಕಣ್ಣೀರು ಒರೆಸಿಕೊಂಡದ್ದನ್ನು ನಾನು ನೋಡದವಳ ಹಾಗೆ ಇದ್ದೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ನಿಜ ಹೇಳುತ್ತೇನೆ.

ಅಂದೇ ಅಂಜುವನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಬೇರು ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆ ಎಂದು ಸ್ಪಷ್ಟ ಮಾಡಿಕೊಳ್ಳಲು ಅಲ್ಲಿ ಎಂಆರ್‌ಐ ಮಾಡಿಸಿದರು. ಎಲ್ಲರಿಗೂ ಅದು ಬೇಕಾಗಿಲ್ಲ, ಹೆಚ್ಚಿನವರಿಗೆ ಡಾಪ್ಲರ್ ಸ್ಕ್ಯಾನೇ ಸಾಕು. ಮಾಸು ಹಿಂಭಾಗದಲ್ಲಿದ್ದರೆ, ಅಥವಾ ಇವಳ ಹಾಗೆ ಮೂತ್ರಚೀಲದ ಕಡೆ ಸಂಶಯ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಅದರಲ್ಲಿಯೂ ಎಕ್ಸ್‌ರೇ ಕಿರಣ ಇಲ್ಲ, ಅಯಸ್ಕಾಂತದಿಂದ ಚಿತ್ರ ತೆಗೆಯುವುದು. ಅದಕ್ಕೇ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು.

ಅಲ್ಲಿ ಮತ್ತೊಂದು ರಗಳೆ. ಅಂಜುವಿನ ಕೊರಳಿನಲ್ಲಿ ಮಿನ್ನು ಇತ್ತು, ಅವರ ಮದುವೆಯ ತಾಳಿ. ನರ್ಸ್ ಬಿಚ್ಚಲು ಹೇಳಿದಾಗ ಜೋಳಿ ಚೇಚಿ ಅಡ್ಡ ಬಂದರು. "ಗಂಡ ಇರುವಾಗ ಮಿನ್ನು ಬಿಚ್ಚುದಾ?"

ಅಂಜು ಅತ್ತೆಯ ಮುಖ ನೋಡಿದಳು, ತಾನೇ ಬಿಚ್ಚಿದಳು, ಅವರ ಕೈಯಲ್ಲಿ ಇಟ್ಟಳು. "ಅಮ್ಮಚ್ಚಿ, ನಾನು ಹೊರಗೆ ಬಂದ್ಮೇಲೆ ನೀವೇ ಹಾಕಿ." ಜೋಳಿ ಚೇಚಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮಿಷನಿನ ಢಣ ಢಣ ಶಬ್ದ ನಿಲ್ಲುವವರೆಗೆ ಬಾಗಿಲ ಹೊರಗೆ ನಿಂತೇ ಇದ್ದರು.

ರಕ್ತ ಮತ್ತೆ ಹೋಗಲಿಲ್ಲ. ವಾರ ಕಳೆದ ಮೇಲೆ ಅಂಜುವನ್ನು ಬಿಟ್ಟರು, ಆದರೆ ಊರಿಗೆ ಹೋಗಬಾರದು, ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲೇ ಇರಬೇಕು ಎಂದರು. ಸಂಬಂಧಿಕರ ಮನೆಯಲ್ಲಿ ಉಳಿದಳು. ಇತ್ತ ಕುರಿಯನ್ ಚೇಟ ಬೇರೆಯೇ ಮನುಷ್ಯನಾದರು. ಆ ಎರಡನೇ ಹಾಳೆಯ ಝೆರಾಕ್ಸ್ ಹತ್ತು ಪ್ರತಿ ಮಾಡಿಸಿ ಎಲ್ದೋಗೆ ಒಂದು, ನನಗೆ ಒಂದು, ಜೀಪಿನಲ್ಲಿ ಒಂದು, ಸಂಬಂಧಿಕರ ಮನೆಯಲ್ಲಿ ಎರಡು ಇಟ್ಟರು. ರಕ್ತ ಬೇಕು ಎಂದಾಗ ಗುಂಡ್ಯದಲ್ಲಿ ಹೋಟೆಲ್ ಇರುವ ಉಸ್ಮಾನರ ಹತ್ತಿರ ಹೋದರು. ಉಸ್ಮಾನರು ಹದಿನಾಲ್ಕು ಹುಡುಗರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ ರಕ್ತ ಕೊಡಿಸಿದರು. "ಚೇಟ, ಇದಕ್ಕೆಲ್ಲ ಥ್ಯಾಂಕ್ಸ್ ಹೇಳಿದ್ರೆ ಇನ್ನು ಮುಂದೆ ನಿಮಗೆ ಚಾ ಕೊಡುದಿಲ್ಲ," ಎಂದು ಬೈದರಂತೆ.

ಮೂವತ್ತೈದನೇ ವಾರದಲ್ಲಿ, ನೋವು ಶುರುವಾಗುವ ಮೊದಲೇ, ಆಪರೇಷನ್ ನಿಗದಿಯಾಯಿತು. ಡಾಕ್ಟರು ಅಂಜುವನ್ನೇ ಕೂರಿಸಿ ಹೇಳಿದರು. ಮಗುವನ್ನು ತೆಗೆಯುತ್ತೇವೆ, ಮಾಸನ್ನು ಮುಟ್ಟುವುದಿಲ್ಲ, ಎಳೆಯುವುದಿಲ್ಲ. ನಿಮ್ಮ ಗರ್ಭಕೋಶವನ್ನು ಮಾಸಿನ ಸಮೇತ ತೆಗೆಯಬೇಕಾಗುತ್ತದೆ. ಅಂಜು ಅತ್ತಳು. ತುಂಬ ಅತ್ತಳು. ಆಮೇಲೆ ಸಹಿ ಹಾಕಿದಳು. "ಆಲ್ಬಿನ್‌ಗೆ, ಸೋನಾಗೆ ತಾಯಿ ಬೇಕಲ್ಲ ಅಕ್ಕ," ಎಂದು ನನಗೆ ಹೇಳಿದಳು.

ಆಪರೇಷನ್ ನಾಲ್ಕು ಗಂಟೆ ನಡೆಯಿತು. ಹೆರಿಗೆ ಡಾಕ್ಟರು, ಮೂತ್ರಚೀಲದ ಡಾಕ್ಟರು, ಅರಿವಳಿಕೆಯವರು, ಮಕ್ಕಳ ಡಾಕ್ಟರು ಎಲ್ಲ ಮೊದಲೇ ಸಿದ್ಧರಾಗಿ ನಿಂತಿದ್ದರು. ಆರು ಬಾಟ್ಲಿ ರಕ್ತ ಹಾಕಬೇಕಾಯಿತು, ಆರೂ ಕೈಯಲ್ಲಿತ್ತು. ಹೆಣ್ಣುಮಗು, ಎರಡು ಕಿಲೋ ಇನ್ನೂರು ಗ್ರಾಂ. ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರ್ ಹೊರಗೆ ಬಂದು, ತಾಯಿ ಕಣ್ಣು ಬಿಟ್ಟಿದ್ದಾಳೆ ಎಂದರು. ಗೊತ್ತಿಲ್ಲದೆ ಸಣ್ಣ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದಿದ್ದರೆ ಏನಾಗುತ್ತಿತ್ತು ಎಂದು ಎಲ್ದೋ ಕೇಳಿದ. ಡಾಕ್ಟರ್ ಅವನ ಭುಜ ಮುಟ್ಟಿ, ಆ ಮಾತು ಬೇಡ ಎಂದರು. ಆಗ ನಾನು ದೀಕ್ಷಿತಾಳನ್ನು ನೆನೆದು ಗೋಡೆಗೆ ಮುಖ ಮಾಡಿ ಅತ್ತೆ. ಅವಳಿಗೂ ಇದೇ ಡಾಕ್ಟರುಗಳು ಇದ್ದರು, ಇದೇ ರಸ್ತೆ ಇತ್ತು, ಇದೇ ಮಿಷನ್ ಇತ್ತು. ನಾವು ಕರೆದುಕೊಂಡು ಹೋಗಲಿಲ್ಲ, ಅಷ್ಟೇ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿನ ಬಾಯಿ ಮುಚ್ಚುವವರು ಯಾರು?

ತಿಂಗಳಾದ ಮೇಲೆ ಕುರಿಯನ್ ಚೇಟ ರಬ್ಬರ್ ಶೀಟು ಮಾರಲು ಅಂಗಡಿಗೆ ಹೋಗಿದ್ದರು. ನಾನೂ ಅಲ್ಲೇ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬೆಳ್ಯಪ್ಪ ಎಂಬವರು, ಮಗಳನ್ನು ಅರಂತೋಡಿಗೆ ಕೊಟ್ಟವರು, ಅಂಗಡಿಯವನ ಹತ್ತಿರ ಹೇಳುತ್ತಿದ್ದರು. "ಸಣ್ಣ ಪ್ರಾಯದ ಹೆಣ್ಣಿನ ಗರ್ಭಕೋಶ ತೆಗೆದು ಬಿಸಾಡಿದ್ರಂತೆ ಮಾರಾಯ. ಆ ಸ್ಕ್ಯಾನಿಂಗ್ ಒಂದು ಮಾಡಿಸದೆ ಇದ್ರೆ ಇದೆಲ್ಲ ಇರ್ತಿತ್ತಾ?"

ಕುರಿಯನ್ ಚೇಟ ಶೀಟಿನ ಕಟ್ಟನ್ನು ನೆಲಕ್ಕೆ ಹಾಕಿದರು. "ಸ್ಕ್ಯಾನಿಂಗ್ ಮಾಡಿಸದೆ ಇದ್ರೆ ನನ್ನ ಸೊಸೆ ಇರ್ತಿರ್ಲಿಲ್ಲ ಬೆಳ್ಯಪ್ಪ! ಗೊತ್ತಿಲ್ಲದೆ ಬಾಯಿ ಬಿಡ್ಬೇಡ. ನಾನೂ ನಿನ್ನ ಹಾಗೆ ಬುದ್ಧಿವಂತ ಆಗಿದ್ದವನೇ. ನಿನ್ನ ಮಗಳು ಬಸುರಿ ಅಲ್ವಾ? ಅವಳಿಗೆ ಹಿಂದೆ ಸಿಸೇರಿಯನ್ ಆಗಿದೆ ಅಲ್ವಾ?"

"ಹೌದು, ಒಂದು."

"ಮಾಸು ಎಲ್ಲಿ ಕೂತಿದೆ?"

"ನನಗೆಂತ ಗೊತ್ತು? ಅದೆಲ್ಲ ಹೆಂಗಸರ..."

"ಎಂತ ಹೆಂಗಸರ ವಿಷಯ? ಮಗಳು ನಿನ್ನದಲ್ವಾ? ಫೋನ್ ಮಾಡು. ಈಗಲೇ, ನನ್ನ ಮುಂದೆ."

ಬೆಳ್ಯಪ್ಪ ಜೇಬಿನಿಂದ ಮೊಬೈಲ್ ತೆಗೆದರು. ಫೋನ್ ಮಾಡಿದರು. ಮಗಳು ರಿಪೋರ್ಟ್ ತಂದು ಅಕ್ಷರ ಅಕ್ಷರ ಓದಿದಳು, ನಾನು ಫೋನ್ ತೆಗೆದುಕೊಂಡು ಕೇಳಿಸಿಕೊಂಡೆ. ಮಾಸು ಮೇಲೆ ಇತ್ತು, ಹಿಂಭಾಗದಲ್ಲಿ, ಹೊಲಿಗೆಯಿಂದ ದೂರ. ಹೆದರಬೇಕಾಗಿಲ್ಲ ಎಂದು ಹೇಳಿದೆ. ಬೆಳ್ಯಪ್ಪ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತರು. ಐದು ನಿಮಿಷದ ಫೋನು. ಇಷ್ಟೇ ಕೆಲಸ. ಇಷ್ಟು ಮಾಡದೆ ನಾವು ಹೆಂಗಸರನ್ನು ಕಳೆದುಕೊಳ್ಳುತ್ತೇವೆ.

ಈಗ ಇದನ್ನು ಓದುತ್ತಿರುವ ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಬಸುರಿ ಇದ್ದಾಳೆಯೇ? ಅವಳಿಗೆ ಹಿಂದೆ ಸಿಸೇರಿಯನ್ ಆಗಿದೆಯೇ, ಅಥವಾ ಗರ್ಭಕೋಶದ ಗಡ್ಡೆ ತೆಗೆದ ಆಪರೇಷನ್ ಆಗಿದೆಯೇ? ಹಾಗಾದರೆ ಅದನ್ನು ಪ್ರತಿಯೊಬ್ಬ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗು ಹೇಗಿದೆ ಎಂದು ಕೇಳುವ ಹಾಗೆಯೇ ಮಾಸು ಎಲ್ಲಿದೆ, ಹಳೆಯ ಹೊಲಿಗೆಯ ಮೇಲೆ ಕೂತಿದೆಯೇ ಎಂದೂ ಕೇಳಿ. ಕೆಳಗಿದೆ ಎಂದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಡಿ, ಹೆಚ್ಚಿನವರಿಗೆ ಗರ್ಭಕೋಶ ದೊಡ್ಡದಾಗುತ್ತಾ ಅದು ಮೇಲೆ ಸರಿಯುತ್ತದೆ. ಆದರೆ ಡಾಕ್ಟರು ಹೇಳಿದ ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿಯೇ ಅದನ್ನು ಖಚಿತ ಮಾಡಿಕೊಳ್ಳಿ. ಅಂಟಿಕೊಂಡಿದೆ ಎಂಬ ಸಂಶಯ ಬಂದರೆ ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯಲ್ಲಿಯೇ ಹೆರಿಗೆ. ನೋವಿಲ್ಲದೆ ಒಂದು ತೊಟ್ಟು ರಕ್ತ ಕಂಡರೂ ಎಳನೀರು ಕುಡಿಸಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ. ಪ್ರತಿ ತಿಂಗಳು ಒಂಬತ್ತನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಇಡೀ ಫೈಲ್ ಹಿಡಿದು ಹೋಗಿ. ಮತ್ತೆ ನಕ್ಷತ್ರ ನೋಡಿ ಬೇಡದ ಸಿಸೇರಿಯನ್ ಮಾಡಿಸುವವರೇ, ಇವತ್ತು ಕೊಯ್ಯಿಸಿದ ಜಾಗ ಮುಂದಿನ ಬಸುರಿಗೆ ಲೆಕ್ಕಕ್ಕೆ ಬರುತ್ತದೆ, ನೆನಪಿಡಿ.

ನನ್ನ ಮಾತು ಖಾರ ಆಯಿತು ಎಂದು ನಿಮಗೆ ಸಿಟ್ಟು ಬಂದಿರಬಹುದು. ಬರಲಿ. ಆ ಸಿಟ್ಟಿನಲ್ಲಿಯೇ ಎದ್ದು ಒಳಗೆ ಹೋಗಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ರಿಪೋರ್ಟ್ ಓದಿಸಿ. ಕೊನೆಯ ಸಾಲಿನವರೆಗೆ.